ಘಟ್ಟ ಇಳಿಯುವ ವಿದ್ಯೆ: ಹಳೆಯ ಕಾರಿನ ಬ್ರೇಕು ಹೇಳುವ ಇತಿಹಾಸ

ನಮ್ಮ ಸೀಮೆಯವರಿಗೆ ಘಟ್ಟ ಹತ್ತುವುದೂ ಇಳಿಯುವುದೂ ಹೊಸತಲ್ಲ. ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟಕ್ಕೆ ಬಂದರೆ ಮಾದಪ್ಪನ ಬೆಟ್ಟದ ಏರು ಮೊದಲಾಗುತ್ತದೆ. ಯಳಂದೂರಿನಿಂದ ಹೊರಟರೆ ಬಿಳಿಗಿರಿರಂಗನ ಬೆಟ್ಟದ ಏರು. ಇವೆರಡರ ಜೊತೆಗೆ ಕಿರಿಯರು ಮರೆತಿರುವ ಇನ್ನೊಂದು ಘಟ್ಟವಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನದ್ದು. ಅದರ ನೆರೆಯ ಕೊಳ್ಳೇಗಾಲ ಕಂಪನಿ ಸರ್ಕಾರದ್ದು. ಆದ್ದರಿಂದ ಕೊಳ್ಳೇಗಾಲದವರು ತಮ್ಮ ಜಿಲ್ಲಾ ಕೇಂದ್ರವನ್ನು ತಲಪಬೇಕಾದರೆ ಘಟ್ಟವನ್ನು ಇಳಿಯಲೇಬೇಕಿತ್ತು. ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಂದಿಗೂ ಚಾಲಕರು ಎಣಿಸುತ್ತಲೇ ಸಾಗುತ್ತಾರೆ.

ಈ ಪೀಠಿಕೆಗೆ ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದನ್ನು ಕೊಂಡಿದ್ದಾನೆ. "ಬ್ರೇಕು ಒಂದೊಂದು ದಿನ ಒಂದೊಂದು ರೀತಿ ಹಿಡಿಯುತ್ತದೆ ಸಾರ್, ಇದರಲ್ಲಿ ಮನೆಯವರನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಿಬರಬಹುದೇ?" ಎಂದು ಕೇಳಿದ. ವಿಜ್ಞಾನ ಬೋಧಿಸಿದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ? ಇದರ ಉತ್ತರ ನಿಮ್ಮೆಲ್ಲರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಹೆರಾಲ್ಡ್ ಕಾರನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ 1961ರಿಂದ ತಯಾರಿಸಿತು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಅದರ ಮೂಲ. ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಅದರ ಬಾನೆಟ್ಟು ಮಡಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತಿದ್ದುದನ್ನು ಬಾಲ್ಯದಲ್ಲಿ ನಾವು ಬೆರಗಿನಿಂದ ನೋಡುತ್ತಿದ್ದೆವು. ಇದೇ ಹೆರಾಲ್ಡಿನ ಅಡಿಗಟ್ಟನ್ನು ಮೊಟಕುಗೊಳಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ರೂಪಿಸಿದರು. ಆದರೆ ಸ್ಪಿಟ್‌ಫೈರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ದೊರೆಯಿತು. ನಮ್ಮ ಹೆರಾಲ್ಡಿಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕೇ ಉಳಿಯಿತು. ಈ ವ್ಯತ್ಯಾಸ ಏಕೆ ಮುಖ್ಯ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎತ್ತಿನ ಗಾಡಿಯವರು ಇಳಿಜಾರಿನಲ್ಲಿ ಚಕ್ರದ ಪಟ್ಟಾಕ್ಕೆ ಮರದ ತುಂಡನ್ನು ಹಗ್ಗದಿಂದ ಬಿಗಿದು ಒತ್ತುತ್ತಿದ್ದುದನ್ನು ನಿಮ್ಮ ಅಜ್ಜಂದಿರು ಕಂಡವರೇ. ಇಂಗ್ಲೆಂಡಿನ ಡರ್ಬಿಶೈರ್ ಎಂಬ ಗುಡ್ಡಗಾಡಿನಲ್ಲೂ ಕುದುರೆ ಗಾಡಿಯವರು ಹೀಗೆಯೇ ಮರದ ತುಂಡಿಗೆ ಹಳೆಯ ಬೂಟಿನ ಚರ್ಮವನ್ನು ಹೊಡೆದು ಬಳಸುತ್ತಿದ್ದರು. ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿನ ಲೈನಿಂಗ್ ತಯಾರಿಸತೊಡಗಿದ. ಮೆಕ್ಯಾನಿಕ್ಕುಗಳು ಬಲ್ಲ ಫೆರೊಡೊ ಆತನ ಸಂಸ್ಥೆಯೇ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದ. ಅದೇ ವರ್ಷ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಹಕ್ಕುಪತ್ರ ಪಡೆದ. ಅಂದಿನ ಕಾರುಗಳಲ್ಲಿ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತಿದ್ದುದು ಕಂಬಿ ಮತ್ತು ತಂತಿ. ಒಂದು ತಂತಿ ಸಡಿಲವಾದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಈ ತಂತಿಗಳ ಬದಲಿಗೆ ದ್ರವವನ್ನು ತಂದ. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕು ಬಂದಿತು. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲನ ನಿಯಮವನ್ನು ನೀವು ಬಾಯಿಪಾಠ ಒಪ್ಪಿಸಿದ್ದು ನೆನಪಿರಬಹುದು. ಮೊದಮೊದಲು ಆ ದ್ರವಕ್ಕೆ ಬಳಸಿದ್ದು ನಮ್ಮ ಹರಳೆಣ್ಣೆ ಮತ್ತು ಮದ್ಯಸಾರದ ಮಿಶ್ರಣವನ್ನು!

ಇಷ್ಟಾದರೂ ಶಾಖದ ಸಮಸ್ಯೆ ಹಾಗೆಯೇ ಉಳಿಯಿತು. ಬ್ರೇಕು ವೇಗವನ್ನು ಶಾಖವನ್ನಾಗಿ ಮಾರ್ಪಡಿಸುತ್ತದೆ, ಅಷ್ಟೆ. ಜನರೂ ಸೇರಿ 1000 ಕಿಲೋಗ್ರಾಂ ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿಯಿತೆಂದು ಲೆಕ್ಕ ಹಾಕಿ: ಸುಮಾರು 49 ಲಕ್ಷ ಜೌಲ್. ಹದಿನೈದು ಲೀಟರ್ ತಣ್ಣೀರನ್ನು ಕುದಿಸಲು ಇಷ್ಟು ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದ ಅದೇ ಕಾರನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೆ ಇದು ಸುಮಾರು 35 ಪಟ್ಟು. ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಇದರ ಬಹುಪಾಲು ನಾಲ್ಕು ಡ್ರಮ್ಮುಗಳೊಳಗೆ ಸೇರುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕಾದರೋ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. 1953ರ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆಯಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕುಗಳ ಜಾಗ್ವಾರ್ ಗೆದ್ದಾಗ ಲೋಕಕ್ಕೆ ಇದು ಮನವರಿಕೆಯಾಯಿತು.

ಈಗ ರೋಗಲಕ್ಷಣಗಳ ವಿಚಾರ. ವೈದ್ಯರು ನಾಡಿ ಹಿಡಿಯುವಂತೆ ಪೆಡಲಿನ ಮೇಲೆ ಕಾಲಿಟ್ಟು ಅರಿಯಬೇಕು.

ಪೆಡಲು ಬಹಳ ಕೆಳಗೆ ಹೋಗಿ, ಎರಡನೆಯ ಸಲ ತುಳಿದಾಗ ಮೇಲೆಯೇ ನಿಂತರೆ ಶೂಗಳು ಸವೆದು ಅಂತರ ಹೆಚ್ಚಿದೆ; ಅಡ್ಜಸ್ಟ್ ಮಾಡಿಸಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ, ಗಾಳಿ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ, ಏರ್ ತೆಗೆಸಬೇಕು. ಒತ್ತಿ ಹಿಡಿದಾಗ ಪೆಡಲು ಮೆಲ್ಲನೆ ಮುಳುಗಿದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಕಾರು ಎಡಕ್ಕೆ ಎಳೆದರೆ ಎಡಚಕ್ರವನ್ನಷ್ಟೇ ದೂರಬೇಡಿ. ಬಲಗಡೆಯ ಸಿಲಿಂಡರು ಹಿಡಿದುಕೊಂಡಿರಬಹುದು, ಅಥವಾ ಅದರ ಲೈನಿಂಗಿಗೆ ಎಣ್ಣೆ ತಗುಲಿರಬಹುದು. ಬ್ರೇಕು ಮುಟ್ಟದೆಯೇ ಒಂದು ಚಕ್ರ ಸುಡುತ್ತಿದ್ದರೆ ಶೂ ಹಿಂದಕ್ಕೆ ಸರಿಯುತ್ತಿಲ್ಲ. ಸ್ಪ್ರಿಂಗು ಸೋತಿರಬಹುದು, ರಬ್ಬರ್ ಹೋಸಿನ ಒಳಮೈ ಊದಿಕೊಂಡಿರಬಹುದು. ಪೆಡಲು ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಲೈನಿಂಗ್ ಕಾದು ಹಿಡಿತ ಬಿಟ್ಟಿದೆ. ಅಂಥ ಹೊತ್ತಿನಲ್ಲಿ ಪಕ್ಕಕ್ಕೆ ನಿಲ್ಲಿಸಿ ತಣಿಯಲು ಬಿಡುವುದೇ ದಾರಿ.

ಎಲ್ಲಕ್ಕಿಂತ ಮೋಸದ್ದು ಹಳೆಯ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ತೇವ ಹೀರಿದ್ದಕ್ಕೆ ಗೊತ್ತುಪಡಿಸಿರುವ ಮಿತಿ 140 ಡಿಗ್ರಿ. ಊರೊಳಗೆ ಚೆನ್ನಾಗಿಯೇ ಇದ್ದ ಬ್ರೇಕು ಘಟ್ಟದ ನಡುವೆ ಆವಿಯಾಗಿ ಕೈಕೊಡುವುದು ಹೀಗೆ. ಹೆರಾಲ್ಡಿನಂತಹ ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಸರಣಿಯ ದ್ರವ. ಒಂದೆಡೆ ಹೋದರೆ ಎಲ್ಲವೂ ಹೋದಂತೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಇಂಜಿನ್ ಆಯಿಲನ್ನು ಮಾತ್ರ ಅದಕ್ಕೆ ಹಾಕಬೇಡಿ. ರಬ್ಬರುಗಳು ಊದಿ ಕೆಡುತ್ತವೆ. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಮೆಕ್ಯಾನಿಕ್ಕಿಗೆ ಬಿಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ. ಕೆಲಸ ಅವನದು, ಎದೆಯೂ ಅವನದೇ.

ಶಿಷ್ಯನಿಗೆ ನಾನು ಕೊಟ್ಟ ಉತ್ತರ ಇಷ್ಟು: ಒಂದೊಂದು ದಿನ ಒಂದೊಂದು ರೀತಿ ಹಿಡಿಯುವ ಬ್ರೇಕನ್ನು ನಂಬಿ ಸದ್ಯಕ್ಕೆ ಹೋಗಬೇಡ. ನಾಲ್ಕೂ ಡ್ರಮ್ಮುಗಳನ್ನು ಬಿಚ್ಚಿಸು, ರಬ್ಬರುಗಳನ್ನೂ ಹೋಸುಗಳನ್ನೂ ಬದಲಿಸು, ಹೊಸ ಆಯಿಲ್ ತುಂಬಿಸು. ಸಮತಟ್ಟಾದ ರಸ್ತೆಯಲ್ಲಿ ಒಬ್ಬನೇ ಓಡಿಸಿ ಪರೀಕ್ಷಿಸು. ಬೆಟ್ಟ ಅಲ್ಲಿಯೇ ಇರುತ್ತದೆ.

ಹೊಸ ಕಾರಿನವರೂ ಇದು ತಮಗಲ್ಲವೆಂದು ತಿಳಿಯಬಾರದು. ಅಮಾವಾಸ್ಯೆಗೆ, ಶಿವರಾತ್ರಿಗೆ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಹೋಗುವ ನಿಮ್ಮಲ್ಲಿ ಅನೇಕರ ಕಾರಿಗೆ ಡಿಸ್ಕ್ ಇದೆ, ಎರಡು ಸರಣಿಯ ದ್ರವವಿದೆ. ಆದರೆ ಬೆಟ್ಟದ ಎತ್ತರವಾಗಲಿ ಶಾಖದ ಲೆಕ್ಕವಾಗಲಿ ಬದಲಾಗಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಹಳೆಯ ಲಾರಿ ಚಾಲಕರ ಮಾತು. ಗೇರು ತಗ್ಗಿಸಿದರೆ ಭಾರದ ಒಂದು ಪಾಲನ್ನು ಇಂಜಿನ್ನೇ ತಡೆದುಕೊಳ್ಳುತ್ತದೆ. ಬ್ರೇಕು ತಿರುವುಗಳಿಗೆಂದು ಉಳಿದಿರುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಯುವವರು ಹತ್ತು ರೂಪಾಯಿಗೆ ಪ್ರಾಣವನ್ನು ಒತ್ತೆಯಿಡುತ್ತಾರೆ. ಮನೆಯಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಂದ ಒಮ್ಮೆ ಮಾಡಿಸಿರಿ.