ಶ್ರೀ ಎಚ್.ಕೆ. ಪಾಟೀಲ: ಜೀವನ ಹಾಗೂ ಶಾಸನ ಸಭಾ ಸೇವೆ

ಪರಿಚಯ

ಶ್ರೀ ಎಚ್.ಕೆ. ಪಾಟೀಲ ಅವರು 1953ರ ಆಗಸ್ಟ್ 15ರಂದು ಈಗಿನ ಗದಗ ಜಿಲ್ಲೆಯ ಹುಲಕೋಟಿ ಗ್ರಾಮದಲ್ಲಿ ಜನಿಸಿದರು. ಕಾನೂನು ಪದವೀಧರರಾದ ಇವರು ರಾಜ್ಯ ವಿಧಾನ ಮಂಡಲದ ಉಭಯ ಸದನಗಳಲ್ಲಿಯೂ ಸೇವೆ ಸಲ್ಲಿಸಿದವರಾಗಿದ್ದು, ಗ್ರಾಮ ಪಂಚಾಯಿತಿಗಳ ಅಧಿಕಾರ ಹಾಗೂ ಹೊಣೆಯನ್ನು ವಿಸ್ತರಿಸಿದ 2015ರ ತಿದ್ದುಪಡಿಯನ್ನು ಸಚಿವರಾಗಿ ಜಾರಿಗೆ ತಂದವರು. ಈ ತಿದ್ದುಪಡಿಯ ಪರಿಣಾಮವು ಗ್ರಾಮೀಣ ಪ್ರದೇಶದ ಪ್ರತಿಯೊಬ್ಬ ಅರ್ಜಿದಾರರಿಗೂ ಸಂಬಂಧಿಸಿದ್ದರಿಂದ ಸಾರ್ವಜನಿಕರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ಕುಟುಂಬದ ಹಿನ್ನೆಲೆ

ಗದಗ ಪ್ರದೇಶವು ಸಹಕಾರ ಚಳವಳಿಯ ತವರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳ ಗ್ರಾಮದಲ್ಲಿ ಸ್ಥಾಪನೆಯಾಯಿತು. ಇದೇ ಪರಂಪರೆಯಲ್ಲಿ ಬೆಳೆದ ಎಚ್.ಕೆ. ಪಾಟೀಲರ ತಂದೆ ದಿವಂಗತ ಕೆ.ಎಚ್. ಪಾಟೀಲ ಅವರು ಹತ್ತಿ ಬೆಳೆಗಾರರನ್ನು ಸಂಘಟಿಸಿ, ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿಯನ್ನು ಕಟ್ಟಿದರು. ಗದಗ ಕ್ಷೇತ್ರದ ಶಾಸಕರಾಗಿ, ರಾಜ್ಯದ ಸಚಿವರಾಗಿ ಹಾಗೂ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ ಕಾರ್ಯನಿರ್ವಹಿಸಿದ ಅವರನ್ನು ಜನರು ‘ಹುಲಕೋಟಿ ಹುಲಿ’ ಎಂದು ಕರೆಯುತ್ತಿದ್ದರು. ಅವರು 1992ರಲ್ಲಿ ನಿಧನರಾದರು. ಇದೇ ಕುಟುಂಬದ ಶ್ರೀ ಡಿ.ಆರ್. ಪಾಟೀಲ ಅವರೂ ಗದಗ ಕ್ಷೇತ್ರದ ಶಾಸಕರಾಗಿದ್ದರು.

ವಿಧಾನ ಪರಿಷತ್ತಿನಲ್ಲಿ

ತಂದೆಯವರು ಜೀವಂತರಾಗಿದ್ದಾಗಲೇ, 1984ರಲ್ಲಿ, ಎಚ್.ಕೆ. ಪಾಟೀಲ ಅವರು ಪಶ್ಚಿಮ ಪದವೀಧರರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಚುನಾಯಿತರಾದರು. ಈ ಕ್ಷೇತ್ರವು ಇಂದಿನ ಧಾರವಾಡ, ಗದಗ, ಹಾವೇರಿ ಮತ್ತು ಉತ್ತರ ಕನ್ನಡ ಜಿಲ್ಲೆಗಳನ್ನು ಒಳಗೊಂಡಿದೆ. ಅಲ್ಲಿಂದ 2008ರವರೆಗೆ, ಸತತ ನಾಲ್ಕು ಅವಧಿಗಳಿಗೆ, ಅವರು ಪರಿಷತ್ತಿನ ಸದಸ್ಯರಾಗಿದ್ದರು. ಪರಿಷತ್ತಿನ ವಿರೋಧ ಪಕ್ಷದ ನಾಯಕರಾಗಿಯೂ ಕಾರ್ಯನಿರ್ವಹಿಸಿದರು.

ಶ್ರೀ ಎಸ್.ಎಂ. ಕೃಷ್ಣ ಅವರ ಸಚಿವ ಸಂಪುಟದಲ್ಲಿ ಅವರು ನೀರಾವರಿ ಖಾತೆಯನ್ನು ನಿರ್ವಹಿಸಿದರು. 2002ರಲ್ಲಿ ಕಾವೇರಿ ಜಲವಿವಾದ ತೀವ್ರಗೊಂಡಾಗ ಈ ಖಾತೆಯು ಅವರ ಹೊಣೆಯಲ್ಲಿತ್ತು. ತದನಂತರ ಶ್ರೀ ಎನ್. ಧರ್ಮಸಿಂಗ್ ಅವರ ಸಂಪುಟದಲ್ಲಿಯೂ ಸಚಿವರಾಗಿದ್ದರು.

ವಿಧಾನ ಸಭೆಯಲ್ಲಿ

24 ವರ್ಷಗಳ ಬಳಿಕ, 2008ರಲ್ಲಿ, ಪದವೀಧರರ ಕ್ಷೇತ್ರದಲ್ಲಿ ಅವರು ಪರಾಭವಗೊಂಡರು. 2013ರಲ್ಲಿ ಗದಗ ವಿಧಾನ ಸಭಾ ಕ್ಷೇತ್ರದಿಂದ ಆಯ್ಕೆಯಾಗಿ ಕೆಳಮನೆಯನ್ನು ಪ್ರವೇಶಿಸಿದರು. 2018ರ ಚುನಾವಣೆಯಲ್ಲಿ ಅವರ ಗೆಲುವಿನ ಅಂತರ ಎರಡು ಸಾವಿರ ಮತಗಳಿಗಿಂತಲೂ ಕಡಿಮೆಯಿತ್ತು. 2023ರಲ್ಲಿ ಮತ್ತೊಮ್ಮೆ ಆಯ್ಕೆಯಾದರು. ಕುಟುಂಬದ ಹೆಸರು ಎಷ್ಟೇ ದೊಡ್ಡದಾಗಿದ್ದರೂ ಪ್ರತಿ ಅವಧಿಗೂ ಮತದಾರರ ಒಪ್ಪಿಗೆಯನ್ನು ಹೊಸದಾಗಿಯೇ ಪಡೆಯಬೇಕಾಗುತ್ತದೆ ಎಂಬುದನ್ನು ಈ ಫಲಿತಾಂಶಗಳು ತೋರಿಸುತ್ತವೆ. 2023ರ ಮೇ ತಿಂಗಳಲ್ಲಿ ರಚನೆಯಾದ ಶ್ರೀ ಸಿದ್ದರಾಮಯ್ಯ ಅವರ ಸಂಪುಟದಲ್ಲಿ ಅವರಿಗೆ ಕಾನೂನು, ಸಂಸದೀಯ ವ್ಯವಹಾರ ಮತ್ತು ಪ್ರವಾಸೋದ್ಯಮ ಖಾತೆಗಳನ್ನು ವಹಿಸಲಾಯಿತು.

ಗ್ರಾಮೀಣಾಭಿವೃದ್ಧಿ ಸಚಿವರಾಗಿ (2013–2018)

1) ಅಧಿನಿಯಮದ ತಿದ್ದುಪಡಿ: ಶ್ರೀ ಕೆ.ಆರ್. ರಮೇಶ್ ಕುಮಾರ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳನ್ನು ಆಧರಿಸಿ, 1993ರ ಪಂಚಾಯತ್ ರಾಜ್ ಅಧಿನಿಯಮವನ್ನು ವ್ಯಾಪಕವಾಗಿ ತಿದ್ದುಪಡಿ ಮಾಡಿ, ‘ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993’ ಎಂದು ಪುನರ್ನಾಮಕರಣ ಮಾಡಲಾಯಿತು. ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳ ಅಧಿಕಾರಗಳನ್ನು ವಿವರವಾಗಿ ಗೊತ್ತುಪಡಿಸಲಾಯಿತು. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿಯನ್ನು 30 ತಿಂಗಳಿಂದ ಐದು ವರ್ಷಗಳಿಗೆ ಹೆಚ್ಚಿಸಲಾಯಿತಾದರೂ, ನಂತರದ ತಿದ್ದುಪಡಿಯಲ್ಲಿ ಅದನ್ನು ಪುನಃ 30 ತಿಂಗಳಿಗೆ ಇಳಿಸಲಾಗಿದೆ.

2) ಬಾಪೂಜಿ ಸೇವಾ ಕೇಂದ್ರ: ಗ್ರಾಮ ಪಂಚಾಯಿತಿ ಕಚೇರಿಯಲ್ಲಿಯೇ ಒಂದು ನೂರು ಸೇವೆಗಳನ್ನು ಒದಗಿಸುವ ಉದ್ದೇಶದಿಂದ 2016ರಲ್ಲಿ ಈ ಕೇಂದ್ರಗಳನ್ನು ಆರಂಭಿಸಲಾಯಿತು. ಪಂಚಾಯಿತಿಯ ಸೇವೆಗಳ ಜೊತೆಗೆ ಕಂದಾಯ ಇಲಾಖೆಯ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳಂತಹ ಸೇವೆಗಳನ್ನೂ ಸೇರಿಸಲಾಯಿತು.

3) ಶುದ್ಧ ಕುಡಿಯುವ ನೀರು: ಫ್ಲೋರೈಡ್ ಮುಂತಾದ ದೋಷಗಳಿರುವ ನೀರನ್ನು ಬಳಸುತ್ತಿದ್ದ ಗ್ರಾಮಗಳಲ್ಲಿ ಸಾವಿರಾರು ಶುದ್ಧೀಕರಣ ಘಟಕಗಳನ್ನು ಸ್ಥಾಪಿಸಲಾಯಿತು. ನಿರ್ವಹಣೆಯ ಕೊರತೆಯಿಂದ ಅನೇಕ ಘಟಕಗಳು ಸ್ಥಗಿತಗೊಂಡ ವಿಷಯವು ಮುಂದೆ ಸದನದಲ್ಲಿ ಚರ್ಚೆಗೆ ಬಂದಿತು.

4) ವಿಶ್ವವಿದ್ಯಾಲಯ: ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಗಳಿಗಾಗಿಯೇ ಮೀಸಲಾದ ವಿಶ್ವವಿದ್ಯಾಲಯವನ್ನು ಗದಗದಲ್ಲಿ ಸ್ಥಾಪಿಸಲಾಯಿತು.

ಸಾರ್ವಜನಿಕರ ಗಮನಕ್ಕೆ

ಅಧಿನಿಯಮವು ಗದಗ ಜಿಲ್ಲೆಗೆ ಅನ್ವಯಿಸುವಂತೆಯೇ ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಗೂ ಸಮಾನವಾಗಿ ಅನ್ವಯಿಸುತ್ತದೆ. ಅರ್ಜಿದಾರರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

ಅ) ಗ್ರಾಮ ಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು. ವಸತಿ ಮುಂತಾದ ಯೋಜನೆಗಳ ಫಲಾನುಭವಿಗಳ ಆಯ್ಕೆಯು ಈ ಸಭೆಯಲ್ಲಿ ನಡೆಯುವುದರಿಂದ ಖುದ್ದಾಗಿ ಹಾಜರಾಗುವುದು ಅರ್ಜಿದಾರರಿಗೇ ಹಿತ.

ಆ) ಸೇವೆಗಾಗಿ ಅರ್ಜಿ ಸಲ್ಲಿಸಿದಾಗ ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು. ಸಕಾಲ ಅಧಿನಿಯಮದ ವ್ಯಾಪ್ತಿಯ ಸೇವೆಯು ನಿಗದಿತ ಅವಧಿಯಲ್ಲಿ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಇ) ತುಮಕೂರು ಜಿಲ್ಲೆಯ ಪದವೀಧರರು ಆಗ್ನೇಯ ಪದವೀಧರರ ಕ್ಷೇತ್ರದ ವ್ಯಾಪ್ತಿಗೆ ಬರುತ್ತಾರೆ. ಪದವೀಧರರ ಮತದಾರರ ಪಟ್ಟಿಯನ್ನು ಪ್ರತಿ ಸಾರ್ವತ್ರಿಕ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸಲಾಗುವುದರಿಂದ, ಹಿಂದೆ ಹೆಸರು ನೋಂದಾಯಿಸಿದ್ದರೂ ನಮೂನೆ 18ರಲ್ಲಿ ಪುನಃ ಅರ್ಜಿ ಸಲ್ಲಿಸಬೇಕು.

ಶಾಸಕರು ಸದನದಲ್ಲಿ ರೂಪಿಸುವ ಕಾನೂನು ಗ್ರಾಮಕ್ಕೆ ತಲುಪುವುದು ಗ್ರಾಮಸ್ಥರು ಸಭೆಗೆ ಬಂದು ಕೇಳಿದಾಗ ಮಾತ್ರ. ಸಾರ್ವಜನಿಕರು ಈ ಅವಕಾಶವನ್ನು ಪೂರ್ಣವಾಗಿ ಬಳಸಿಕೊಳ್ಳಲು ಕೋರಲಾಗಿದೆ.