ಕಟಕಟೆಯಿಂದ ಅಖಾಡಕ್ಕೆ

ನ್ಯಾಯಾಲಯದಲ್ಲಿ ತೀರ್ಪಿಗೆ ತಿಂಗಳುಗಟ್ಟಲೆ ವಾಯಿದೆಯುಂಟು; ಮುಷ್ಟಿಯುದ್ಧದ ರೆಫರಿಗೆ ದೊರೆಯುವುದು ಕೆಲವೇ ಕ್ಷಣ. ಎರಡೂ ಕಡೆ ತೀರ್ಪು ಕೊಟ್ಟವನು ಅಮೆರಿಕದ ಮಿಲ್ಸ್ ಲೇನ್ (1936–2022). ಸೈನಿಕನಾಗಿದ್ದು, 1960ರಲ್ಲಿ ಕಾಲೇಜು ಮುಷ್ಟಿಯುದ್ಧದ ಚಾಂಪಿಯನ್ ಆಗಿ, ಕಾನೂನು ಓದಿ, ನೆವಾಡಾ ಸಂಸ್ಥಾನದ ವಾಷೋ ಕೌಂಟಿಯ ಷೆರಿಫ್ ಕಚೇರಿಯಲ್ಲಿ ಪೊಲೀಸ್ ಅಧಿಕಾರಿಯಾದ. 1982ರಲ್ಲಿ ಸರ್ಕಾರಿ ವಕೀಲನಾಗಿಯೂ 1990ರಲ್ಲಿ ನ್ಯಾಯಾಧೀಶನಾಗಿಯೂ ಚುನಾಯಿತನಾದ. (ಅಲ್ಲಿ ಈ ಹುದ್ದೆಗಳಿಗೂ ಮತಯಾಚನೆ!) ಶಿಕ್ಷೆಯಲ್ಲಿ ರಿಯಾಯಿತಿ ತೋರದ ಈತನಿಗೆ ‘ಗರಿಷ್ಠ ಮಿಲ್ಸ್’ ಎಂದೇ ಅಡ್ಡಹೆಸರು. ಬಿಡುವಿನಲ್ಲಿ ರೆಫರಿಯ ಕೆಲಸ.

1997ರ ಜೂನ್ 28ರಂದು ಲಾಸ್ ವೇಗಾಸ್‌ನಲ್ಲಿ ಹೋಲಿಫೀಲ್ಡ್–ಟೈಸನ್ ಕಾಳಗ. ಮೊದಲು ಗೊತ್ತಾಗಿದ್ದ ರೆಫರಿ ಮಿಚ್ ಹಾಲ್ಪರ್ನ್. ಟೈಸನ್ನನ ಕಡೆಯವರು ಆಕ್ಷೇಪಿಸಿದ್ದರಿಂದ ಲೇನ್ ಬಂದ. ಮೂರನೆಯ ಸುತ್ತಿನಲ್ಲಿ ಟೈಸನ್ ಎದುರಾಳಿಯ ಬಲಗಿವಿಯ ಚೂರನ್ನೇ ಕಚ್ಚಿ ತೆಗೆದ. ಅವನನ್ನು ಹೊರಗಟ್ಟುವುದೆಂದು ಲೇನ್ ಮೊದಲು ನಿಶ್ಚಯಿಸಿದ. ಹೋಲಿಫೀಲ್ಡ್ ಮುಂದುವರಿಯಬಲ್ಲನೆಂದು ವೈದ್ಯ ಹೇಳಲು ಮನಸ್ಸು ಬದಲಿಸಿ ಎರಡು ಅಂಕವನ್ನಷ್ಟೇ ಕಳೆದ. ಅದೇ ಸುತ್ತಿನಲ್ಲಿ ಟೈಸನ್ ಇನ್ನೊಂದು ಕಿವಿಗೂ ಬಾಯಿ ಹಾಕಿದ. ಸುತ್ತು ಮುಗಿದ ಮೇಲೆ ಲೇನ್ ಅವನನ್ನು ಅನರ್ಹಗೊಳಿಸಿದ.

ಹಲವರು ಇದನ್ನು ದಿಟ್ಟತನವೆಂದರು. ನನಗೆ ಹಾಗೆನ್ನಿಸದು. ಕಚ್ಚಿಸಿಕೊಂಡವನು ಆಡಬಲ್ಲನೇ ಎಂಬುದು ವೈದ್ಯನ ಪ್ರಶ್ನೆ. ಕಚ್ಚಿದವನು ಆಡಬಹುದೇ ಎಂಬುದು ರೆಫರಿಯದು. ಕಟಕಟೆಯಲ್ಲಿ ಕಳ್ಳಕಾಕರಿಗೆ ಸಿಗದ ರಿಯಾಯಿತಿ ಅಖಾಡದ ಸಿರಿವಂತನಿಗೆ ಸಿಕ್ಕಿತಲ್ಲ!

ಕೀರ್ತಿಯೇನೋ ಬಂತು. 1998ರಲ್ಲಿ ನ್ಯಾಯಪೀಠ ಬಿಟ್ಟ ಲೇನ್ 2001ರವರೆಗೆ ಟೆಲಿವಿಷನ್ನಿನಲ್ಲಿ ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರಿಸಿದ. 2002ರಲ್ಲಿ ಪಾರ್ಶ್ವವಾಯು ಬಡಿದು ಆ ಗಡಸು ಕಂಠ ಬಹುಮಟ್ಟಿಗೆ ಅಡಗಿತು.