ಹಳೆಯ ಬಂದರಿನ ಸುಂಕದ ಕಚೇರಿ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ಮಂಗಳೂರಿನ ಹಳೆಯ ಬಂದರು ನೆನಪಾಗುತ್ತಿತ್ತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಅಲ್ಲಿನ ಸುಂಕ ಕಂಪನಿ ಸರಕಾರದ ಪಾಲಾಯಿತು. ವಿಚಿತ್ರವೆಂದರೆ, ದೊಡ್ಡ ಹಡಗುಗಳು ಸುಂಕದ ಕಚೇರಿಯ ಬಳಿಗೆ ಬರುತ್ತಲೇ ಇರಲಿಲ್ಲ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬಿ ನೀರಿಗೆ ಆಳವಿರಲಿಲ್ಲ. ಹಡಗು ದೂರದಲ್ಲೇ ಲಂಗರು ಹಾಕಬೇಕು. ಕಾಫಿ, ಮೆಣಸು, 1865ರ ನಂತರ ಬಾಸೆಲ್ ಮಿಷನ್ನಿನ ಹೆಂಚು, ಎಲ್ಲವೂ ಧಕ್ಕೆಯಿಂದ ದೋಣಿಗಳಲ್ಲೇ ಸಾಗಬೇಕು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. (ಸರಕು ನೀರುಪಾಲಾದ ದೋಣಿಯವನು ಗೋಳು ತೋಡಿಕೊಂಡದ್ದೂ ಆ ಕಚೇರಿಯ ಮೆಟ್ಟಿಲಲ್ಲೇ ಇರಬೇಕು!) 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಗೊಂಡಿತು, ದೊಡ್ಡ ಹಡಗುಗಳ ಸುಂಕದ ವ್ಯವಹಾರ ಅತ್ತ ಸರಿಯಿತು. ಹಳೆಯ ಧಕ್ಕೆಯಲ್ಲಿ ಉಳಿದವು ಮೀನುಗಾರರ ದೋಣಿಗಳು, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು.